ಎರಡಕ್ಕೇ ಒತ್ತಿದ್ದು

ಹೊಳಲ್ಕೆರೆ
೧೧ ಮಾರ್ಚ್ ೨೦೨೫

ಗೌಸ್,

ಕ್ಷೇಮವೇ ಎಂದು ಕೇಳುವ ಸಲಿಗೆಯನ್ನು ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರೂ ಸೇರಿ ಕಳೆದುಕೊಂಡಿದ್ದೇವೆ. ಫೋನ್ ಮಾಡೋಣವೆಂದರೆ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಹೆಂಡತಿಯ ಫೋನಿನಿಂದ ಮಾಡಿದೆ, ಮಾರನೆಯ ದಿನ ಅದೂ ಬ್ಲಾಕ್. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲವೆಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಜೂನ್‌ನಲ್ಲಿ ನಾನು ಕಿರ್ಗಿಸ್ತಾನಕ್ಕೆ ಹೋಗುತ್ತಿದ್ದೇನೆ. ಕಾಶ್ಮೀರದಿಂದ ಇನ್ನೂ ಮೇಲಕ್ಕೆ, ಬರೀ ಬೆಟ್ಟ, ಕುದುರೆ, ಕುರಿ. ಹತ್ತು ದಿನದ ಫೋಟೊ ಪ್ರವಾಸ. ಬೆಂಗಳೂರಿನ ಅನುಷಾ ಮೇಡಂ ಎಂಬುವವರು ಹತ್ತು ಜನರನ್ನು ಕರೆದೊಯ್ದು, ಹಗಲು ಸುತ್ತಿಸಿ, ಸಂಜೆ ಕೂರಿಸಿ, ಒಬ್ಬೊಬ್ಬರ ಚಿತ್ರವನ್ನೂ ನೋಡಿ ತಿದ್ದುತ್ತಾರಂತೆ. ಮೂವತ್ತೆಂಟು ವರ್ಷ ಮದುವೆ ಫೋಟೊ ತೆಗೆದವನು ಫೋಟೊ ಕಲಿಯಲು ಹೊರಟರೆ ಊರು ನಗದೆ ಬಿಡುತ್ತದೆಯೇ? ಅದೂ ಡ್ರೋನ್ ಕೊಳ್ಳಲು ಎತ್ತಿಟ್ಟ ದುಡ್ಡಿನಲ್ಲಿ. ನನ್ನ ಲೈಟು ಹಿಡಿಯುವ ಬಸವೇಶ್ ಮುಖಕ್ಕೇ ಹೇಳಿದ: “ಅಣ್ಣಾ, ಈಗ ಡ್ರೋನ್ ಇಲ್ದಿದ್ರೆ ಮದ್ವೆಯೋರು ಮಾತೇ ಆಡ್ಸಲ್ಲ. ಅದುನ್ನ ಹಾರ್ಸೋದು ಬಿಟ್ಟು ನೀವೇ ಹಾರ್ತೀನಿ ಅಂತೀರಲ್ಲ!”

ನಗಲಿ. ನನಗೆ ಚುಚ್ಚುತ್ತಿರುವುದು ಊರಿನ ನಗುವಲ್ಲ, ನಿನ್ನ ಮಾತು. ಬಿ.ದುರ್ಗದ ಓಬಳೇಶಪ್ಪನ ಮಗಳ ಮದುವೆಯಿಂದ ಬ್ಯಾಗು ಹೆಗಲಿಗೇರಿಸಿ ಹೊರಟವನು ಛತ್ರದ ಬಾಗಿಲಲ್ಲಿ ನಿಂತು ಅಂದೆಯಲ್ಲ, “ಇಷ್ಟು ವರ್ಸದಾಗೆ ನೀನು ಒಂದು ಫೋಟೊನೂ ತೆಗ್ದಿಲ್ಲ ಮುರುಗ. ಜನಾನ ಸಾಲಾಗಿ ನಿಲ್ಸಿದೀಯ, ಅಷ್ಟೇ.”

ನನ್ನ ತಪ್ಪು ಏನಿತ್ತು? ಒಂದು, ಎರಡು, ಮೂರು ಎಂದು ಎಣಿಸಿ ಮೂರಕ್ಕೆ ಒತ್ತುವುದು ನಮ್ಮ ಸ್ಟುಡಿಯೋದ ಕಾನೂನು. ರೋಲಿಗೆ ಮೂವತ್ತಾರೇ ಫ್ರೇಮು. ಮೂರು ಎನ್ನುವಷ್ಟರಲ್ಲಿ ಎಲ್ಲರ ಗಲ್ಲ ಮೇಲೆ, ಕಣ್ಣು ತೆರೆದು, ಬಾಯಿ ಮುಚ್ಚಿರಬೇಕು. ನೀನು ಎರಡಕ್ಕೇ ಒತ್ತಿಬಿಡುತ್ತಿದ್ದೆ. ಒಬ್ಬ ಮೂಗು ತುರಿಸುತ್ತಿರುವಾಗ, ಇನ್ನೊಬ್ಬಳು ಸೆರಗು ಹುಡುಕುತ್ತಿರುವಾಗ. ನಾನು ನನ್ನ ‘ಹಾಳು ಪುಸ್ತಕ’ದಲ್ಲಿ ಬರೆದಿಡುತ್ತಿದ್ದೆ: ಗೌಸ್, ಹಾಳು ಫ್ರೇಮ್ ಒಂದು. ಬಿ.ದುರ್ಗದಲ್ಲಿ ಅದೇ ಆದಾಗ, ನಿನಗೆ ಫೋಟೊ ತೆಗೆಯಲು ಬರುವುದೇ ಇಲ್ಲವೆಂದು ಮುನ್ನೂರು ಜನರೆದುರು ಬೈದೆ. ಪಕ್ಕದಲ್ಲಿದ್ದ ಮೈಕ್ ಆನ್ ಆಗಿದ್ದದ್ದು ನನಗೆ ಗೊತ್ತಿರಲಿಲ್ಲ.

ಈಗ ಪಂಥ ಕೇಳು. ಅಲ್ಲಿಂದ ಒಂದು ಫೋಟೊ ತರುತ್ತೇನೆ. ಒಂದೇ. ನೀನು ನೋಡಿ, ‘ಇದು ಫೋಟೊ’ ಎಂದು ಎರಡು ಪದ ಬರೆದು ಕಳಿಸಬೇಕು. ನಿನಗೆ ಹಾಗನ್ನಿಸದಿದ್ದರೆ ಸ್ಟುಡಿಯೋ ಬಾಗಿಲು ಹಾಕುತ್ತೇನೆ. ಮಳಿಗೆ ಕೇಳಿಕೊಂಡು ಮೊಬೈಲ್ ಅಂಗಡಿಯವನು ಆಗಲೇ ಎರಡು ಸಲ ಬಂದು ಹೋಗಿದ್ದಾನೆ.

ಇಂತಿ,
ಜಿ.ಎಂ. ಸ್ಟುಡಿಯೋದ ‘ಎಂ’,
ಮುರುಗಪ್ಪ

(‘ಜಿ’ಯನ್ನು ಬೋರ್ಡಿನಿಂದ ಅಳಿಸಿಲ್ಲ. ಪೇಂಟರ್ ಸಿಗಲಿಲ್ಲ.)


ಚಿತ್ರದುರ್ಗ
೨ ಏಪ್ರಿಲ್ ೨೦೨೫

ಶ್ರೀ ಮುರುಗಪ್ಪನವರಿಗೆ,

ತಮ್ಮ ಪತ್ರ ತಲುಪಿತು. ರಂಜಾನ್ ಇದ್ದುದರಿಂದ ಉತ್ತರ ತಡವಾಯಿತು. ಅವತ್ತು ಛತ್ರದಲ್ಲಿದ್ದದ್ದು ಮುನ್ನೂರಲ್ಲ, ಐನೂರು ಜನ. ಮೈಕಿನ ವಿಷಯ ತಮಗೂ ನೆನಪಿರುವುದು ಸಂತೋಷ. ಇಪ್ಪತ್ತೆರಡು ವರ್ಷದಲ್ಲಿ ಪೇಂಟರ್ ಸಿಗದಿರುವುದು ಆಶ್ಚರ್ಯ.

ತಂದಾಗ ನೋಡೋಣ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಮಹಮ್ಮದ್ ಗೌಸ್
ಪಾಸ್‌ಪೋರ್ಟ್ ಫೋಟೊ ಮತ್ತು ಜೆರಾಕ್ಸ್


ಹೊಳಲ್ಕೆರೆ
೨೪ ಮೇ ೨೦೨೫

ಗೌಸ್,

ಜಾಗ ಮುಗಿಯಿತು ಎಂದು ಬರೆದ ಕಾರ್ಡು ಅರ್ಧ ಖಾಲಿ ಇತ್ತು. ನೋಡುವುದು ನನ್ನ ಕಸುಬು ಎಂಬುದನ್ನಾದರೂ ನೆನಪಿಟ್ಟುಕೊ. ಮತ್ತೆ, ನನ್ನನ್ನು ‘ತಾವು’ ಎಂದಿದ್ದೀಯ. ಮೈಕಿನಲ್ಲಿ ತಿರುಗಿ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನಿನಗೆ ಖುಷಿಯಾಗುವ ಸುದ್ದಿ ಒಂದಿದೆ. ವೀಸಾಕ್ಕೆಂದು ನನ್ನ ಫೋಟೊವನ್ನು ನಾನೇ ತೆಗೆದೆ. ಈ ತಾಲ್ಲೂಕಿನ ಅರ್ಧ ಜನರ ಮುಖ ತಿದ್ದಿದವನು ಸ್ವಂತ ಮುಖ ಬಿಟ್ಟೇನೇ? ಕಣ್ಣ ಕೆಳಗಿನ ಚೀಲ ತೆಗೆದೆ, ಹಣೆಯ ಗೆರೆ ಒರೆಸಿದೆ, ಬಣ್ಣ ಸ್ವಲ್ಪ ಬೆಳ್ಳಗೆ ಮಾಡಿದೆ, ಕೂದಲಿಗೂ ಒಂದು ಕೈ. ಪಾಸ್‌ಪೋರ್ಟಿನ ಮುಖಕ್ಕೂ ಇದಕ್ಕೂ ತಾಳೆಯಾಗುತ್ತಿಲ್ಲವೆಂದು ವಾಪಸ್ ಬಂತು. ಇನ್ನೊಂದು ಕಳಿಸಿದೆ, ಸ್ವಲ್ಪವೇ ತಿದ್ದಿ. ಅದೂ ವಾಪಸ್. ಮೂರನೆಯ ಸಲ ಬಸವೇಶನ ಕೈಗೆ ಕ್ಯಾಮರಾ ಕೊಟ್ಟು, ಬಂದದ್ದನ್ನು ಬಂದ ಹಾಗೆ ಕಳಿಸಿದೆ. ಒಂದೇ ದಿನಕ್ಕೆ ಪಾಸು.

ಆ ಫೋಟೊವನ್ನು ಬಹಳ ಹೊತ್ತು ನೋಡಿದೆ, ಗೌಸ್. ಅದರಲ್ಲಿ ನನ್ನ ಅಪ್ಪ ಕೂತಿದ್ದ. ಅದೇ ಚೀಲ, ಅದೇ ಗೆರೆ. ಇಷ್ಟು ವರ್ಷ ನಾನು ನನ್ನ ಫೋಟೊದಿಂದ ಅಪ್ಪನನ್ನು ಒರೆಸಿ ಹಾಕುತ್ತಿದ್ದೆನೇ?

ಮನೆಯವಳು ಎರಡು ಕಿಲೋ ಶೇಂಗಾ ಚಟ್ನಿಪುಡಿ, ನಲವತ್ತು ಸಜ್ಜೆ ರೊಟ್ಟಿ ಕಟ್ಟಿದ್ದಾಳೆ. ಆ ದೇಶದಲ್ಲಿ ಬೆಳಗ್ಗೆ ಎದ್ದರೆ ಕುರಿ, ಮಧ್ಯಾಹ್ನ ಕುರಿ, ಸಂಜೆಗೆ ಬದಲಾವಣೆಗೆಂದು ಕುದುರೆಯಂತೆ. ನಾನೋ ಮೊಟ್ಟೆ ಕೂಡ ಮುಟ್ಟದವನು. “ಫೋಟೊ ಕಲ್ತು ಬರ್ತೀರೋ ಇಲ್ವೋ, ತೂಕ ಇಳ್ಸಿಕೊಂಡಂತೂ ಬರ್ತೀರಿ” ಎಂದಳು.

ಜೂನ್ ಹನ್ನೊಂದಕ್ಕೆ ಹೊರಡುತ್ತೇನೆ.

ತಿದ್ದದ ಮುಖದ,
ಮುರುಗಪ್ಪ


ಸೋನ್‌ಕುಲ್ ಸರೋವರ, ಕಿರ್ಗಿಸ್ತಾನ
೧೫ ಜೂನ್ ೨೦೨೫

ಗೌಸ್,

ಇದು ನಿನ್ನ ಕೈಸೇರುವ ಹೊತ್ತಿಗೆ ನಾನು ಊರಿನಲ್ಲಿರಬಹುದು. ಆದರೂ ಬರೆಯುತ್ತೇನೆ, ಇಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುವಷ್ಟು ಸಲಿಗೆಯವರು ಯಾರೂ ಇಲ್ಲ.

ಹತ್ತು ಸಾವಿರ ಅಡಿ ಮೇಲೆ ಒಂದು ಸರೋವರ, ಸುತ್ತ ಹುಲ್ಲು, ಹುಲ್ಲಿನ ಮೇಲೆ ಉಣ್ಣೆಯಿಂದ ಮಾಡಿದ ದುಂಡು ಮನೆಗಳು. ಒಂದೂ ಮರವಿಲ್ಲ. ಕುರಿ ಕಾಯುವವರನ್ನು ನೋಡಿದಾಗ ಯಲ್ಲದಕೆರೆ ಕಡೆಯವರೇ ಟೋಪಿ ಬದಲಿಸಿಕೊಂಡು ಬಂದಂತೆ ಕಂಡಿತು. ಕೋಲಿನ ಮೇಲೆ ಗಲ್ಲವೂರಿ ನಿಲ್ಲುವ ರೀತಿಯೂ ಅದೇ. ನಾವು ಇಳಿದುಕೊಂಡಿರುವುದು ಒಬ್ಬ ಅಜ್ಜಿಯ ಕುಟುಂಬದ ಜೊತೆ. ಎಲ್ಲರೂ ಆಕೆಯನ್ನು ‘ಅಪಾ’ ಎನ್ನುತ್ತಾರೆ, ಹಾಗೆಂದರೆ ಅಮ್ಮ. ಇಷ್ಟೆತ್ತರದ ಮೂವರು ಗಂಡುಮಕ್ಕಳು ಆಕೆ ಕೆಮ್ಮಿದರೆ ಎದ್ದು ನಿಲ್ಲುತ್ತಾರೆ. ನಿಮ್ಮ ಮನೆಯ ಈದಿನ ಊಟಗಳಲ್ಲಿ ಕಲಿತ ಸಲಾಮು ಹಾಕಿದೆ. ಆಕೆ ನನ್ನ ತಲೆ ಮೇಲೆ ಕೈಯಿಟ್ಟಳು. ನಮ್ಮ ಗುಂಪಿನಲ್ಲಿರುವ ದಾವಣಗೆರೆಯ ಡಾಕ್ಟರು, “ಏನ್ರಿ ಮುರುಗಪ್ನೋರೇ, ನಿಮ್ಗೆ ಇಲ್ಲೂ ನೆಂಟ್ರು!” ಎಂದರು.

ಊಟ: ಬ್ರೆಡ್ಡು, ಗಟ್ಟಿ ಕೆನೆ, ಅದರ ಮೇಲೆ ನಮ್ಮ ಚಟ್ನಿಪುಡಿ. ಅಪಾಗೆ ಒಂದು ಚಿಟಿಕೆ ಕೊಟ್ಟೆ. ಕಣ್ಣಲ್ಲಿ ನೀರು ಬಂತು, ಎದೆಗೆ ಗುದ್ದಿಕೊಂಡಳು, ಬಟ್ಟಲು ಚಾಚಿ ಇನ್ನಷ್ಟು ಕೇಳಿದಳು. ಒಂದು ಕಿಲೋ ಆಗಲೇ ಕೈಬಿಟ್ಟಿತು.

ಇಷ್ಟು ಸಿಹಿ. ಇನ್ನು ಕಹಿ.

ಮೊದಲ ಸಂಜೆ ನನ್ನ ಫೋಟೊ ಪರದೆ ಮೇಲೆ ಬಂತು. ಐದು ಜನ ಕುರಿಯವರು, ಎತ್ತರದ ಪ್ರಕಾರ, ಕೈ ಜೋಡಿಸಿ. ಅನುಷಾ ಮೇಡಂಗೆ ನನ್ನ ಮಗಳ ವಯಸ್ಸು. ನೋಡಿ, ಬಹಳ ಮರ್ಯಾದೆಯಿಂದ, “ಇವರಲ್ಲಿ ಮದುಮಗ ಯಾರು ಸರ್?” ಎಂದರು. ಎಲ್ಲರೂ ನಕ್ಕರು. ಎರಡನೆಯ ದಿನ ಯಾರನ್ನೂ ನಿಲ್ಲಿಸಬಾರದೆಂದು ಪಣ ತೊಟ್ಟೆ. ಆದರೆ ನನ್ನ ಎಡಗೈ ತಾನಾಗಿ ಮೇಲೆದ್ದು ಜನರನ್ನು ಸರಿಸುತ್ತದೆ, ನನ್ನ ಬಾಯಿ ತಾನಾಗಿ ‘ಒಂದು, ಎರಡು’ ಎನ್ನುತ್ತದೆ. ಈಗ ಅಪಾಳ ಸೊಸೆಯರಿಗೂ ಅದು ಬಾಯಿಪಾಠ; ನನ್ನನ್ನು ಕಂಡರೆ “ಒಂದೂ, ಎರಡೂ” ಎಂದು ಕೂಗಿ ನಗುತ್ತಾರೆ. ಮೂರನೆಯ ದಿನ ಮನುಷ್ಯರ ಸಹವಾಸವೇ ಬೇಡವೆಂದು ಕುದುರೆಗಳ ಹತ್ತಿರ ಹೋದೆ. ಸಂಜೆ ನೋಡಿದರೆ ಏಳು ಕುದುರೆ, ಸಾಲಾಗಿ. ಶಿಳ್ಳೆ ಹೊಡೆದು ಅವನ್ನೂ ನಿಲ್ಲಿಸಿಬಿಟ್ಟಿದ್ದೆ.

ಮೇಡಂ ಪಕ್ಕಕ್ಕೆ ಕರೆದು, “ಸರ್, ನಿಮ್ಮ ಕೈ ಬಹಳ ಪಳಗಿದೆ. ಆದರೆ ನೀವು ಕಾಯುವುದೇ ಇಲ್ಲವಲ್ಲ, ಎಲ್ಲವನ್ನೂ ಮುಗಿಸಿಬಿಡ್ತೀರಿ” ಎಂದರು.

ಉಳಿದಿರುವುದು ಐದು ದಿನ. ಒಂದು ಚಿತ್ರವೂ ಇಲ್ಲ. ನೀನು ಬಾಗಿಲಲ್ಲಿ ಹೇಳಿದ ಮಾತನ್ನು ಪರೀಕ್ಷೆ ಮಾಡಲು ಇಷ್ಟು ದೂರ ಬಂದೆ. ಅದು ನಿಜವೇ ಆಗಿಬಿಟ್ಟರೆ ಏನು ಮಾಡಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ.

ಮುರುಗಪ್ಪ


ಕೋಚ್‌ಕೋರ್, ಕಿರ್ಗಿಸ್ತಾನ
೨೦ ಜೂನ್ ೨೦೨೫

ಗೌಸ್! ಗೌಸ್!

ಸಿಕ್ಕಿತು.

ಕ್ರಮವಾಗಿ ಹೇಳುತ್ತೇನೆ. ಮೊನ್ನೆ ಸರೋವರದಿಂದ ಹೊರಡುವ ದಿನ. ನನ್ನ ಚೀಲದಲ್ಲಿ ಅಂಗೈಯಗಲದ ಪ್ರಿಂಟರ್ ಇರುವುದು ಅಪಾಗೆ ಗೊತ್ತಾಗಿತ್ತು. ಮನೆಮಂದಿಯದೆಲ್ಲ ಒಂದು ಫೋಟೊ ಬೇಕೆಂದು ಹಟ ಹಿಡಿದಳು. ನಾನು ಮೇಡಂ ಮುಖ ನೋಡಿದೆ. “ತೆಗೀರಿ ಸರ್, ಇದು ಪಾಠ ಅಲ್ಲ, ಅವರ ಆಸೆ” ಎಂದರು. ಆದರೆ ನಾನೂ ಹಟಕ್ಕೆ ಬಿದ್ದಿದ್ದೆ. ಯಾರನ್ನೂ ಮುಟ್ಟುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಕ್ಯಾಮರಾ ಹಿಡಿದು ಸುಮ್ಮನೆ ನಿಂತೆ.

ನಾನು ಬಿಟ್ಟ ಕೆಲಸವನ್ನು ಅಪಾ ಎತ್ತಿಕೊಂಡಳು. ನೀನು ನೋಡಬೇಕಿತ್ತು, ಸಾಕ್ಷಾತ್ ನಾನೇ! ಒಬ್ಬ ಸೊಸೆಯನ್ನು ಎಳೆದು ಈಚೆಗೆ, ಒಬ್ಬಳನ್ನು ತಳ್ಳಿ ಆಚೆಗೆ, ಚಿಕ್ಕ ಮಗನ ಟೋಪಿ ಕಿತ್ತು ಧೂಳು ಕೊಡವಿ ಮತ್ತೆ ತಲೆಗೆ. ನನಗೆ ಕೈ ಮಾಡಿದಳು, ಎಣಿಸು ಅಂತ. ನಾನು ಶುರು ಮಾಡಿದೆ. “ಒಂದು.” ಸೊಸೆಯರೂ ನನ್ನ ಜೊತೆ ಕೂಗಿದರು. “ಎರಡು.”

ಆಗ ಅಪಾಳ ಕಣ್ಣು ಹಿರಿಯ ಮಗನ ಮೇಲೆ ಬಿತ್ತು. ಐವತ್ತು ವರ್ಷದ ಆಳು, ಬಾಗಿಲಿಗೆ ತಲೆ ತಗಲುವಂಥವನು. ಅವನ ಮೀಸೆಗೆ ಬೆಳಗಿನ ಕೆನೆ ಅಂಟಿತ್ತು. ಆಕೆ ತಲೆಗೆ ಕಟ್ಟಿದ ಬಿಳಿ ಬಟ್ಟೆಯ ತುದಿ ಎಳೆದು, ತುದಿಗಾಲಲ್ಲಿ ನಿಂತು, ಅವನ ಮೂತಿ ಒರೆಸಿದಳು. ಅವನು ಕಣ್ಣು ಮುಚ್ಚಿ, ಮೊಣಕಾಲು ಬಗ್ಗಿಸಿ, ಮುಖ ಕೊಟ್ಟ. ಸೊಸೆಯರು, ತಮ್ಮಂದಿರು ಎಲ್ಲ ಅವನನ್ನು ನೋಡಿ ನಗುತ್ತಿದ್ದಾರೆ, ಒಬ್ಬರೂ ನನ್ನ ಕಡೆ ನೋಡುತ್ತಿಲ್ಲ.

ನನ್ನ ಬೆರಳು ಒತ್ತಿತು. ಎರಡಕ್ಕೇ.

ಶಟರ್ ಸದ್ದಿಗೆ ಅಪಾ ತಿರುಗಿದವಳೇ ಕೈ ಬೀಸಿ ಬೈದಳು. ಇನ್ನೂ ರೆಡಿಯಾಗಿರಲಿಲ್ಲ, ಅಷ್ಟರಲ್ಲೇ ಯಾಕೆ ಒತ್ತಿದೆ ಅಂತ. ಭಾಷೆ ಗೊತ್ತಿಲ್ಲದಿದ್ದರೂ ಒಂದಕ್ಷರ ಬಿಡದೆ ಅರ್ಥವಾಯಿತು. ಅದೇ ಬೈಗುಳವನ್ನು ನಾನು ಹದಿಮೂರು ವರ್ಷ ಒಬ್ಬನಿಗೆ ಬೈದಿದ್ದೇನಲ್ಲ. ತಲೆತಗ್ಗಿಸಿ ಬೈಸಿಕೊಂಡೆ. ಆಮೇಲೆ ಮೂರಕ್ಕೆ ಇನ್ನೊಂದು ತೆಗೆದು, ಗಲ್ಲವೆಲ್ಲ ಮೇಲೆ, ಬಾಯೆಲ್ಲ ಮುಚ್ಚಿ, ಆಕೆಗೆ ಪ್ರಿಂಟು ಕೊಟ್ಟೆ. ಕಣ್ಣಿಗೊತ್ತಿಕೊಂಡಳು.

ಸಂಜೆ ಪರದೆ ಮೇಲೆ ಮೊದಲನೆಯದು ಬಂತು. ಯಾರೂ ನಗಲಿಲ್ಲ. ಮೇಡಂ ಎದ್ದು ಪರದೆಯ ಹತ್ತಿರ ಹೋಗಿ ನಿಂತರು. “ಇದು ಕೈತಪ್ಪಿ ಬಿದ್ದದ್ದು ಮೇಡಂ” ಎಂದೆ. “ಹಾಗಾದರೆ ನಾಳೆಯೂ ಕೈತಪ್ಪಿ ಸರ್” ಎಂದರು. ಮಾರನೆಯ ದಿನ ಈ ಊರಿನ ಸಂತೆಯಲ್ಲಿ ಬೇಕಂತಲೇ ಕೈತಪ್ಪಿಸಿದೆ. ಹತ್ತೊಂಬತ್ತು ಚಿತ್ರ. ಅವುಗಳಲ್ಲಿ ಆರು ನಿಲ್ಲುತ್ತವೆ ಎಂದರು. ಮುಂದಿನ ವರ್ಷದ ಪ್ರವಾಸದ ಪುಸ್ತಕಕ್ಕೆ ಮುಖಪುಟ ಅಪಾಳ ಫೋಟೊ! ದಾವಣಗೆರೆ ಡಾಕ್ಟರು ಎರಡು ಲಕ್ಷದ ಲೆನ್ಸನ್ನು ಚೀಲದೊಳಗೆ ಇಡುತ್ತ, “ಈ ಒಂದು ಎರಡು ಎಣ್ಸೋದು ನಮಗೂ ಸ್ವಲ್ಪ ಹೇಳ್ಕೊಡ್ರಿ” ಎಂದರು.

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಮುರುಗಪ್ಪ


ಹೊಳಲ್ಕೆರೆ
೧೬ ಜುಲೈ ೨೦೨೫

ಗೌಸ್,

ಇದರ ಜೊತೆ ಫೋಟೊ ಇಟ್ಟಿದ್ದೇನೆ. ಹನ್ನೆರಡಕ್ಕೆ ಹದಿನೆಂಟು ಸೈಜು, ಮಡಚಬಾರದೆಂದು ಎರಡು ರಟ್ಟಿನ ನಡುವೆ. ಮುಖಪುಟದ ಗಲಾಟೆ ಮರೆತು ನೋಡು.

ನೋಡುವ ಮುಂಚೆ ಒಂದು ಮಾತು. ಮಾರ್ಚಿನಲ್ಲಿ ಬರೆದಾಗ ನಿನ್ನ ಚುಚ್ಚುಮಾತಿಗೆ ಹೊರಟಿದ್ದೇನೆ ಎಂದಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಮಾತು ಇಪ್ಪತ್ತೆರಡು ವರ್ಷ ನನ್ನ ಜೊತೆ ತೆಪ್ಪಗೆ ಇತ್ತು. ಎದ್ದು ಕೂತದ್ದು ಈ ಫೆಬ್ರುವರಿಯಲ್ಲಿ.

ಬಿ.ದುರ್ಗದ ಓಬಳೇಶಪ್ಪ ಜನವರಿಯಲ್ಲಿ ತೀರಿಕೊಂಡ. ಅವನ ಮಗಳು ಸುಚಿತ್ರಾ, ಅವತ್ತಿನ ಮದುಮಗಳು, ಗೋಡೆಗೆ ಹಾಕಲು ಅಪ್ಪನ ಫೋಟೊ ಬೇಕೆಂದು ಸ್ಟುಡಿಯೋಗೆ ಬಂದಳು. ಮದುವೆಯ ಆಲ್ಬಂ ತಂದಿದ್ದಳು. ನೂರೆಂಬತ್ತು ಫೋಟೊ, ಅರವತ್ತರಲ್ಲಿ ಓಬಳೇಶಪ್ಪ. ಒಂದೊಂದನ್ನೂ ಬೆರಳಿಟ್ಟು ನೋಡಿದಳು, ಆಮೇಲೆ ಆಲ್ಬಂ ಮುಚ್ಚಿದಳು. “ಇದ್ರಾಗೆ ನಮ್ಮಪ್ಪ ಇಲ್ಲ ಬಿಡ್ರಿ ಮುರುಗಪ್ಪಣ್ಣ. ಯಾರೋ ನಿಂತವ್ನೆ, ಕಂಬದಂಗೆ. ನಮ್ಮಪ್ಪ ಯಾವತ್ತು ಹಿಂಗೆ ಸುಮ್ನೆ ನಿಂತಿದ್ದ?”

ಅರವತ್ತು, ಗೌಸ್. ಅರವತ್ತರಲ್ಲೂ ನಾನು ಅವಳ ಅಪ್ಪನನ್ನು ಒರೆಸಿಹಾಕಿದ್ದೆ.

ಅವಳು ಹೋದ ಮೇಲೆ ಆ ಸ್ಟೇಜು ನೆನಪಾಯಿತು. ಎಲ್ಲರನ್ನೂ ನಿಲ್ಲಿಸಿ, ಒಂದು ಎರಡು ಎಂದೆ. ಓಬಳೇಶಪ್ಪ ಸಾಲಿನಿಂದ ಈಚೆ ಬಂದು, ಹೆಗಲ ಟವೆಲಿನಿಂದ ಮಗಳ ಮುಖದ ಬೆವರು ಒರೆಸಿದ. ಅವಳು ಬಾಸಿಂಗದ ಕೆಳಗೆ ಕಣ್ಣು ಮುಚ್ಚಿ ನಗುತ್ತಿದ್ದಳು. ನೀನು ಒತ್ತಿದೆ. ನಾನು ಮೈಕಿನ ಪಕ್ಕ ನಿಂತು ಕಿರುಚಿದೆ.

ಸೋನ್‌ಕುಲ್‌ನಲ್ಲಿ ನನ್ನ ಬೆರಳು ಒತ್ತಿದ್ದು ಯಾಕೆಂದು ಈಗ ಗೊತ್ತಾಯಿತಲ್ಲ? ಆ ಫೋಟೊವನ್ನು ನಾನು ಮುಂಚೆ ಒಂದು ಸಲ ನೋಡಿದ್ದೆ.

ಅದರ ನೆಗೆಟಿವನ್ನು ನಾನೇ ಕತ್ತರಿಸಿ ಬುಟ್ಟಿಗೆ ಹಾಕಿದ್ದೇನೆ. ಆದ್ದರಿಂದ ನಿನ್ನನ್ನು ಏನೂ ಕೇಳುವುದಿಲ್ಲ. ಬರೆಯಬೇಕೆಂದು ಕೂತದ್ದು ಒಂದು ಪದ. ಪತ್ರ ಮುಗಿಯುತ್ತ ಬಂತು, ಆ ಪದ ಇನ್ನೂ ಪೆನ್ನಿನಿಂದ ಇಳಿಯುತ್ತಿಲ್ಲ. ನೀನು ಓದಿಕೊ.

ಮುರುಗ


ಚಿತ್ರದುರ್ಗ
೨ ಆಗಸ್ಟ್ ೨೦೨೫

ಲೇ ಮುರುಗ,

ಇದು ಫೋಟೊ.

ಎರಡು ಪದ ಕೇಳಿದ್ದೆ, ಕೊಟ್ಟಿದ್ದೇನೆ. ಮೊಬೈಲ್ ಅಂಗಡಿಯವನಿಗೆ ಬೇರೆ ಮಳಿಗೆ ನೋಡಿಕೊಳ್ಳಲು ಹೇಳು. ನಿನ್ನ ಕಿರ್ಗಿಸ್ತಾನದ ಕಾಗದಗಳು ಎರಡೂ ಒಂದೇ ದಿನ, ಫೋಟೊ ಬಂದು ವಾರವಾದ ಮೇಲೆ ತಲುಪಿದವು. ಹಾಗಾಗಿ ನಾನು ಮೊದಲು ಫೋಟೊ ನೋಡಿದೆ, ಕಥೆ ಆಮೇಲೆ ಓದಿದೆ. ಕಥೆ ಗೊತ್ತಿಲ್ಲದೆ ನೋಡಿಯೂ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತುಬಿಟ್ಟೆ. ಮನೆಯವಳು ತಾಹೇರಾ ಬಂದು, “ಯಾಕ್ರಿ, ಯಾರಾದ್ರೂ ಹೋದ್ರಾ?” ಎಂದಳು. “ಇಲ್ಲ, ಒಬ್ಬ ಬಂದ” ಎಂದೆ.

ಈಗ ನನ್ನ ಲೆಕ್ಕ ಕೇಳು. ಸ್ಟುಡಿಯೋ ಬಾಗಿಲು ಹಾಕುವ ಹೊತ್ತಿಗೆ ಬುಟ್ಟಿ ಖಾಲಿ ಮಾಡುತ್ತಿದ್ದವನು ಯಾರು? ನಾನು. ನೀನು ಹಾಳು ಎಂದು ಕತ್ತರಿಸಿ ಎಸೆದ ತುಂಡುಗಳನ್ನು ಒಂದೂ ಬಿಡದೆ ಮನೆಗೆ ತಂದಿದ್ದೇನೆ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಅರವತ್ತೊಂದು ನೆಗೆಟಿವ್ ಇವೆ. ಕೊನೆಯದು ಬಿ.ದುರ್ಗದ್ದು. ಅವತ್ತು ನೀನು ಸಿಟ್ಟಿನಲ್ಲಿ ರೋಲನ್ನು ತೊಳೆಸಿ, ಕತ್ತರಿಸಿ, ಎಸೆದು ಮನೆಗೆ ಹೋದ ಮೇಲೆ ನನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದೆ. ಮೊದಲು ಬುಟ್ಟಿಗೆ ಕೈ ಹಾಕಿದೆ.

ಓಬಳೇಶಪ್ಪ ಇದ್ದಾನೆ, ಮುರುಗ. ಟವೆಲ್ ಸಮೇತ. ಗೀಚು ಸಹ ಬಿದ್ದಿಲ್ಲ.

ಇನ್ನೊಂದು ವಿಷಯ. ನಿನ್ನ ಫೋಟೊ ಬಂದ ದಿನ ಡಬ್ಬಿ ತೆಗೆದು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದೆ. ನಿನ್ನ ಹಾಳು ಪುಸ್ತಕದಲ್ಲಿ ಅರವತ್ತೊಂದೂ ನನ್ನ ಹೆಸರಿಗೆ ಇವೆಯಲ್ಲ? ಅವುಗಳಲ್ಲಿ ಎಂಟು ನನ್ನವಲ್ಲ. ಹೇಗೆ ಗೊತ್ತು ಎಂದೆಯಾ? ಆ ಎಂಟು ಸಲವೂ ನಿನ್ನ ಪಕ್ಕದಲ್ಲಿ ಲೈಟು ಹಿಡಿದು ನಿಂತವನು ನಾನೇ. ಹೊಸದುರ್ಗದ ಮದುವೆಯಲ್ಲಿ ಹಲ್ಲಿಲ್ಲದ ಅಜ್ಜಿ ಮದುಮಗನ ಕೆನ್ನೆ ಹಿಂಡುತ್ತಿರುವುದು, ಚಿಕ್ಕಜಾಜೂರಿನ ಸ್ಟೇಷನ್ ಮಾಸ್ತರು ರೈಲಿನ ಸದ್ದಿಗೆ ಸಾಲು ಬಿಟ್ಟು ಗಡಿಯಾರ ನೋಡುತ್ತಿರುವುದು. ಎಲ್ಲ ಎರಡಕ್ಕೇ ಒತ್ತಿದ್ದು, ಒತ್ತಿದವನು ನೀನು. ಕೈತಪ್ಪಿ ಒತ್ತಿ, ನಾಚಿಕೆಯಾಗಿ, ನನ್ನ ಹೆಸರಿಗೆ ಬರೆದೆ, ಬದ್ಮಾಶ್.

ಬರೆದದ್ದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಾಗಿಲಲ್ಲಿ ನಿಂತು, ಒಂದು ಫೋಟೊನೂ ತೆಗೆದಿಲ್ಲ ಎಂದೆ. ನೀನು ಐನೂರು ಜನರೆದುರು ಒಂದು ಸುಳ್ಳು ಹೇಳಿದೆ, ನಾನು ಒಬ್ಬನೆದುರು ಒಂದು ಸುಳ್ಳು ಹೇಳಿದೆ. ನಿನ್ನದು ಅವತ್ತೇ ಜನ ಮರೆತರು. ನನ್ನದು ನಿನ್ನನ್ನು ಕಿರ್ಗಿಸ್ತಾನದ ತನಕ ಓಡಿಸಿತು.

ಆ ಪದ ಓದಿಕೊಂಡೆ. ನನ್ನದನ್ನೂ ನೀನು ಓದಿಕೊ.

ಗೌಸ್

(ಫೋನ್ ಬ್ಲಾಕ್ ತೆಗೆದಿದ್ದೇನೆ. ಆದರೆ ಕಾಗದವನ್ನೇ ಬರಿ. ಫೋನಿನಲ್ಲಿ ನೀನು ಬಹಳ ಮಾತಾಡುತ್ತೀಯ.)


ಹೊಳಲ್ಕೆರೆ
೧೧ ಆಗಸ್ಟ್ ೨೦೨೫

ಗೌಸಾ,

ಹಾಳು ಪುಸ್ತಕ ತೆಗೆದೆ. ಎಂಟು ಕಡೆ ‘ಗೌಸ್’ ಹೊಡೆದುಹಾಕಿ ‘ಮುರುಗಪ್ಪ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಕೆಳಗೆ ಎರಡೆರಡು ಗೆರೆ ಎಳೆದೆ. ನಾಚಿಕೆಗೋ ಜಂಬಕ್ಕೋ ಹೇಳಲಾರೆ.

ಈಗ ಯೋಜನೆ ಕೇಳು, ಬೇಡ ಎನ್ನಬೇಡ. ಅರವತ್ತೊಂದನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸೋಣ, ಜನಕ್ಕೆ ತೋರಿಸೋಣ. ಎಲ್ಲಿ ಎಂದೆಯಾ? ಛತ್ರದಲ್ಲೇ, ಅದೇ ಬಿ.ದುರ್ಗದ ಛತ್ರದಲ್ಲಿ. ಸೆಪ್ಟೆಂಬರಿನಲ್ಲಿ ಪಿತೃಪಕ್ಷ, ಒಂದು ಮದುವೆಯೂ ಇಲ್ಲ, ಕೇಳುವವರಿಲ್ಲದೆ ಛತ್ರ ಕದ ಹಾಕಿಕೊಂಡಿರುತ್ತದೆ. ಮ್ಯಾನೇಜರ್ ದೊಡ್ಡತಿಮ್ಮಪ್ಪನಿಗೆ ಹೇಳಿದೆ: “ಹಿರೇರನ್ನ ನೆನೆಯೋ ಹದಿನೈದು ದಿನ. ಇದುಕ್ಕಿಂತ ಒಳ್ಳೆ ಕೆಲ್ಸ ಬೇಕೇನಪ್ಪ?” ಬರೀ ಕರೆಂಟ್ ಬಿಲ್ಲಿಗೆ ಒಪ್ಪಿದ.

ಅಪಾಳದ್ದು ಅರವತ್ತೆರಡನೆಯದು. ಅದನ್ನು ಓಬಳೇಶಪ್ಪನ ಪಕ್ಕದಲ್ಲಿ ತೂಗುಹಾಕಬೇಕು.

ಸುಚಿತ್ರಾಗೆ ಏನೂ ಹೇಳಿಲ್ಲ. ಬರಬೇಕು, ಅಮ್ಮನನ್ನೂ ಕರೆತರಬೇಕು ಎಂದಷ್ಟೇ ಹೇಳಿದ್ದೇನೆ.

ಪೇಂಟರ್ ಸಿಕ್ಕಿದ್ದಾನೆ. ಬೋರ್ಡಿಗೆ ಹೊಸ ಬಣ್ಣ. ‘ಜಿ’ ಮೊದಲು ಬಂದಿರುವುದು ಇಂಗ್ಲಿಷ್ ಅಕ್ಷರಮಾಲೆಯ ತಪ್ಪು, ನನ್ನದಲ್ಲ.

‘ಎಂ’


ಚಿತ್ರದುರ್ಗ
೧೭ ಸೆಪ್ಟೆಂಬರ್ ೨೦೨೫

ಮುರುಗ,

ಮೊನ್ನೆ ಶನಿವಾರ, ಭಾನುವಾರ ಎರಡೂ ದಿನ ನೀನು ಛತ್ರದ ಬಾಗಿಲಲ್ಲಿ ನಿಂತು ಜನರನ್ನು ಸಾಲು ನಿಲ್ಲಿಸುತ್ತಿದ್ದೆ. ಕಿರ್ಗಿಸ್ತಾನಕ್ಕೆ ಹೋಗಿ ಬಂದರೂ ಆ ಎಡಗೈ ಸುಧಾರಿಸಿಲ್ಲ. ಹಾಗಾಗಿ ಒಳಗೆ ನಡೆದದ್ದನ್ನು ನೀನು ನೋಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸುಚಿತ್ರಾ ಅಮ್ಮನನ್ನು ಕೈಹಿಡಿದು ಕರೆತಂದಳು. ಒಂದೊಂದೇ ಫೋಟೊ ನೋಡುತ್ತ, “ಇದು ನಮ್ಮ ಪಕ್ಕದ್ಮನೆ ಮಲ್ಲಜ್ಜಿ ಅಲ್ವಾ?” ಎಂದು ನಗುತ್ತ ಬರುತ್ತಿದ್ದಳು. ಅಪ್ಪನೆದುರು ಬಂದಳು. ನಗು ನಿಂತಿತು. ಮುಖವನ್ನು ಸ್ವಲ್ಪ ಮುಂದಕ್ಕೆ ಚಾಚಿದಳು. ಆ ಟವೆಲಿಗೆ ಮುಖ ಕೊಡುತ್ತಾರಲ್ಲ, ಹಾಗೆ. ಕಣ್ಣು ಮುಚ್ಚಿಕೊಂಡಿದ್ದಳು.

ಅವಳ ಅಮ್ಮ ಬೋರಕ್ಕ ಗೋಡೆಯ ಹತ್ತಿರಕ್ಕೆ ಹೋದಳು. ಆಮೇಲೆ ಸೆರಗಿನ ತುದಿಯಿಂದ ಗಾಜು ಒರೆಸಿದಳು. ಹೇಳಿದ್ದು ಏನು ಗೊತ್ತೇ? “ಹೊಸಾ ಟವೆಲ್ ಕೈಗೆ ಕೊಟ್ಟಿದ್ದೆ. ಹಳೇದ್ನೇ ಹಾಕ್ಕಂಡು ಬಂದವ್ನೆ ನೋಡು! ಆಲ್ಬಂನಾಗೆ ಕಂಡಿರ್ಲಿಲ್ಲ, ಇವತ್ತು ಸಿಕ್ಕಾಕ್ಕಂಡ.” ಹೇಳಿ, ಗಂಡನಿಗೆ ಒಂದು ಬೈಗುಳ ಬೈದು, ಅಲ್ಲೇ ಕೂತುಕೊಂಡಳು. ಇಪ್ಪತ್ತೆರಡು ವರ್ಷಕ್ಕೆ ಸಿಕ್ಕಿಬಿದ್ದ ಗಂಡನ ಜೊತೆ ಅರ್ಧ ಗಂಟೆ ಜಗಳವಾಡಿದಳು, ಮುರುಗ. ನಾನು ಹಿಂದೆ ಸರಿದು ನಿಂತೆ.

ಎದ್ದು ಹೊರಡುವಾಗ ಪಕ್ಕದ ಫೋಟೊ ನೋಡಿ, “ಇವ್ರು ಯಾವೂರೋರಪ್ಪ?” ಎಂದಳು. ದೂರದವರು, ಮುರುಗಪ್ಪ ಹೋಗಿ ತೆಗೆದದ್ದು ಎಂದೆ. ಹತ್ತಿರ ಹೋಗಿ ಅಪಾಳನ್ನು ನೋಡಿದಳು. “ಅಲ್ಲೂ ಒರಸ್ತಾರಲ್ಲ” ಎಂದಳು.

ನಿನ್ನ ಪ್ರವಾಸಕ್ಕೆ ಇದಕ್ಕಿಂತ ದೊಡ್ಡ ಮುಖಪುಟ ಬೇಕಾ?

ಉಳಿದ ಸುದ್ದಿ ನಿನಗೇ ಗೊತ್ತು. ತಮ್ಮ ತಮ್ಮ ಮನೆಯವರನ್ನು ಗೋಡೆಯ ಮೇಲೆ ಕಂಡು ಜನ ಪ್ರಿಂಟಿಗೆ ಮುಗಿಬಿದ್ದದ್ದು, ಬಸವೇಶ್ ಆರ್ಡರ್ ಬರೆದೂ ಬರೆದೂ ಪೆನ್ನು ಮುಗಿಸಿದ್ದು. ಡಿಸೆಂಬರಿನ ಮೂರು ಮದುವೆಗಳವರು ಡ್ರೋನ್ ಇದೆಯೇ ಎಂದು ಕೇಳಲಿಲ್ಲವಂತೆ; “ಆ ಎರಡಕ್ಕೆ ಒತ್ತೋದು ಮಾಡಿಕೊಡ್ತೀರಾ?” ಎಂದರಂತೆ. ಮಾಡಿಕೊಡುತ್ತೇವೆ ಎಂದು ಬಸವೇಶನಿಗೆ ನಾನೇ ಹೇಳಿದೆ. ಅಂದರೆ ನಾನು ಬರುತ್ತಿದ್ದೇನೆ. ಜೆರಾಕ್ಸ್ ಮಶೀನು ತಾಹೇರಾ ನೋಡಿಕೊಳ್ಳುತ್ತಾಳೆ.

ಇದರ ಜೊತೆ ಒಂದು ಫೋಟೊ ಇಟ್ಟಿದ್ದೇನೆ. ಭಾನುವಾರ ಸಂಜೆ ನಮ್ಮಿಬ್ಬರನ್ನು ಛತ್ರದ ಬಾಗಿಲಲ್ಲಿ ನಿಲ್ಲಿಸಿ ಸುಚಿತ್ರಾ ತೆಗೆದದ್ದು. ನಾನು ಹೊರಟುಹೋದ ಅದೇ ಬಾಗಿಲು. ನೀನು ಅವಳಿಗೆ ಮೂರಕ್ಕೇ ಒತ್ತಮ್ಮ ಎಂದು ಎರಡು ಸಲ ಹೇಳಿದೆ. ಅವಳು ತಲೆಯಾಡಿಸಿದಳು. ಎಣಿಸಲು ಶುರುಮಾಡಿದಳು. ನೀನು ಸುಮ್ಮನೆ ನಿಲ್ಲುವ ಬದಲು, “ಗಲ್ಲ ಮೇಲೆತ್ತೋ” ಎಂದು ನನ್ನ ಗಡ್ಡ ಹಿಡಿದೆ. ನಾನು ನಿನ್ನ ಕೈಗೆ ಹೊಡೆದೆ. ಅಷ್ಟೇ ಇದೆ ಇದರಲ್ಲಿ: ನಿನ್ನ ಬಾಯಿ ತೆರೆದಿದೆ, ನನ್ನ ಟೋಪಿ ಓರೆಯಾಗಿದೆ, ಇಬ್ಬರೂ ಕ್ಯಾಮರಾ ನೋಡುತ್ತಿಲ್ಲ, ಇಬ್ಬರ ಕಣ್ಣೂ ನಗುವಿಗೆ ಮುಚ್ಚಿಹೋಗಿವೆ.

ಹಾಳು ಪುಸ್ತಕದಲ್ಲಿ ಬರೆದುಕೊ. ಅರವತ್ತಮೂರನೆಯ ಫ್ರೇಮ್.

ಜಿ.ಎಂ. ಸ್ಟುಡಿಯೋದ ‘ಜಿ’,
ಗೌಸ್